‘ಬಾ’ ಮತ್ತು ‘ಬನ್ನಿ’ಗಳ ನಡುವೆ

ಕಾಫಿ ಕೊಯ್ಲಿನ ಕಾಲದಲ್ಲಿ ಮೂಡಿಗೆರೆ, ಕಳಸದ ಕಡೆ ಸಂತೆಗೆ ಹೋದರೆ ಕಿವಿಗೆ ಬೀಳುವ ಭಾಷೆಗಳು ಒಂದೆರಡಲ್ಲ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ತಮಿಳುಗಳ ಜೊತೆಗೆ ಈಚಿನ ವರ್ಷಗಳಲ್ಲಿ ಅಸ್ಸಾಮಿ, ಬಂಗಾಳಿ, ಹಿಂದಿಯೂ ಸೇರಿಕೊಂಡಿವೆ. ಅಷ್ಟು ದೂರದಿಂದ ತೋಟದ ಕೆಲಸಕ್ಕೆ ಬಂದವನು ಇಲ್ಲಿ ಮೊದಲು ಕಲಿಯುವ ಕನ್ನಡ ಯಾವುದು? ‘ಬಾ’, ‘ಹೋಗು’, ‘ತಗೋ’, ‘ಬೇಗ ಬೇಗ’. ರೈಟರು, ಮೇಸ್ತ್ರಿಗಳು ಅವನೊಡನೆ ಆಡುವುದೇ ಈ ಮಾತುಗಳನ್ನು. ಹಾಗೆ ಕಲಿತವನು ಅರವತ್ತು ದಾಟಿದ ಗೌಡರೊಬ್ಬರನ್ನು ಕಂಡು ‘ಬಾ, ಕೂತ್ಕೋ’ ಎಂದರೆ ಸುತ್ತಲಿನವರು ಹುಬ್ಬೇರಿಸುತ್ತಾರೆ. ‘ಮರ್ಯಾದೆ ಗೊತ್ತಿಲ್ಲದವನು’ ಎಂಬ ತೀರ್ಪೂ ಹೊರಬೀಳುತ್ತದೆ.

ಈ ತೀರ್ಪು ಅವಸರದ್ದು. ಬಂಗಾಳಿಯಲ್ಲಿ ಹಿರಿಯರಿಗೆ ‘ಆಪನಿ’, ಓರಗೆಯವರಿಗೆ ‘ತುಮಿ’, ತೀರಾ ಸಲಿಗೆಯವರಿಗೆ ‘ತುಯಿ’ ಎಂದು ಮೂರು ಮೆಟ್ಟಿಲುಗಳಿವೆ. ಹಿಂದಿಯಲ್ಲೂ ‘ಆಪ್’, ‘ತುಮ್’, ‘ತೂ’ ಇವೆ. ಮರ್ಯಾದೆ ಅವನಿಗೆ ಗೊತ್ತು. ಅದರ ಕನ್ನಡ ರೂಪ ಮಾತ್ರ ಅವನ ಕಿವಿಗೆ ಬಿದ್ದಿಲ್ಲ.

ನಮ್ಮ ಪದ್ಧತಿ ಹೊರಗಿನವರಿಗೆ ಸುಲಭವೂ ಅಲ್ಲ. ‘ನೀನು’, ‘ನೀವು’, ‘ತಾವು’ ಎಂಬ ಸರ್ವನಾಮ ಕಲಿತರೆ ಸಾಲದು, ಅದಕ್ಕೆ ತಕ್ಕಂತೆ ಕ್ರಿಯಾಪದವೂ ಬದಲಾಗಬೇಕು. ಎದುರಿಗೆ ಇಲ್ಲದವರನ್ನೂ ‘ಅವನು’ ಎನ್ನದೆ ‘ಅವರು’ ಎನ್ನಬೇಕು. ಹೆಸರಿನ ಕೊನೆಯಲ್ಲೇ ಅಪ್ಪ, ಅಯ್ಯ, ಅಮ್ಮ ಇದ್ದರೂ ಮೇಲೊಂದು ‘ನವರು’ ಬೇಕು. ಇಷ್ಟೆಲ್ಲ ಕಲಿತ ಮೇಲೆ, ಎಷ್ಟೋ ಮನೆಗಳಲ್ಲಿ ಹೆತ್ತ ತಾಯಿಯನ್ನೂ ಗುಡಿಯ ದೇವರನ್ನೂ ‘ನೀನು’ ಎಂದೇ ಕರೆಯುವುದನ್ನು ಕೇಳಿ ಹೊಸಬ ಕಕ್ಕಾಬಿಕ್ಕಿಯಾಗುತ್ತಾನೆ. ಅಲ್ಲಿನ ‘ನೀನು’ ಅಗೌರವವಲ್ಲ, ಅಕ್ಕರೆ. ಈ ಸೂಕ್ಷ್ಮ ವ್ಯಾಕರಣದ ಪುಸ್ತಕದಿಂದ ಬರುವುದಿಲ್ಲ, ಒಡನಾಟದಿಂದ ಬರುತ್ತದೆ.

ಪರದೇಶಕ್ಕೆ ಹೋದಾಗ ನಮ್ಮ ಮಕ್ಕಳದೂ ಇದೇ ಪಾಡು. ವೈದ್ಯಕೀಯ ಓದಲು ಫಿಲಿಪ್ಪೀನ್ಸ್‌ಗೆ ಹೋಗುವ ಭಾರತೀಯ ವಿದ್ಯಾರ್ಥಿಗಳುಂಟು. ಅಲ್ಲಿನ ಟಾಗಲಾಗ್ ಭಾಷೆಯಲ್ಲಿ ಹಿರಿಯರೊಡನೆ ಮಾತನಾಡುವಾಗ ವಾಕ್ಯದಲ್ಲಿ ‘ಪೊ’ ಸೇರಿಸಬೇಕು. ‘ಹೌದು’ ಎನ್ನಲು ಬರೀ ‘ಓಓ’ ಸಾಲದು, ‘ಓಪೊ’ ಎನ್ನಬೇಕು. ನಮ್ಮ ಧಾರವಾಡದ ಕಡೆಯ ‘ಹೌದ್ರಿ’ಯಲ್ಲಿನ ‘ರಿ’ಯನ್ನು ನೆನೆದರೆ ಇದು ತಟ್ಟನೆ ಅರ್ಥವಾಗುತ್ತದೆ. ಅಂಗಡಿಯವನೂ ಚಾಲಕನೂ ಅಲ್ಲಿ ‘ಕೂಯಾ’, ಅಂದರೆ ಅಣ್ಣ. ಹಿರಿಯ ಹೆಣ್ಣುಮಗಳು ‘ಆತೆ’, ಅಂದರೆ ಅಕ್ಕ. ಹಿರಿಯರ ಕೈಯನ್ನು ತಮ್ಮ ಹಣೆಗೆ ಮುಟ್ಟಿಸಿಕೊಂಡು ಆಶೀರ್ವಾದ ಪಡೆಯುವ ಪದ್ಧತಿಯೂ ಇದೆ. ಅಣ್ಣ, ಅಕ್ಕ ಎಂದು ಕರೆದು ಅಭ್ಯಾಸವಿರುವ ಮಲೆನಾಡಿನ ಹುಡುಗನಿಗೆ ಆ ಊರು ಅಷ್ಟೇನೂ ಪರಕೀಯವೆನಿಸಲಾರದು.

ಆದರೆ ನಮ್ಮ ತೋಟಗಳ ಚರಿತ್ರೆಯಲ್ಲಿ ಗೌರವ ಬಹುಕಾಲ ಒಮ್ಮುಖವಾಗಿಯೇ ಹರಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೆಟ್ಟಗಳಿಗೆ ಬಂದ ಬಿಳಿಯ ಪ್ಲಾಂಟರುಗಳು ‘ದೊರೆ’ಗಳಾದರು. ಆಮೇಲೆ ಒಡೆಯರು, ಧಣಿಗಳು. ಮೇಲಿನವರಿಗೆ ‘ತಾವು’, ಲೈನಿನಲ್ಲಿರುವ ಆಳಿಗೆ ‘ಏನೋ’, ‘ಏನೇ’. ವಯಸ್ಸಿನಲ್ಲಿ ಹಿರಿಯನಾದರೂ ಆಳು ಆಳೇ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಊರವರು ಹಗುರವಾಗಿ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಮರ್ಯಾದೆ ಕೊಡುವುದೆಂದರೆ ಹೀಗೆ ಇನ್ನೊಬ್ಬರ ಬೆಲೆಯನ್ನು ಕಾಣುವುದು.

ಹೊರಗಿನವರಿಗೆ ನಮ್ಮ ಭಾಷೆ ಒಗ್ಗದೆಂಬ ಮಾತಿಗೂ ಅರ್ಥವಿಲ್ಲ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಕೊಟ್ಟರು. ತೋಟದ ಕೆಲಸಗಾರನಿಗೆ ಅಷ್ಟು ಬೇಕಿಲ್ಲ. ‘ಬನ್ನಿ’, ‘ಹೇಳಿ’, ‘ಅಣ್ಣ’, ‘ಅಕ್ಕ’ ಎಂಬ ನಾಲ್ಕು ಮಾತು ಸಾಕು. ಯಾರೊಡನೆ ಹೇಗೆ ಎಂಬ ಅನುಮಾನ ಬಂದಾಗ ಹೊಸಬರು ‘ನೀವು’ ಎಂದೇ ಶುರುಮಾಡುವುದು ಕ್ಷೇಮ. ‘ನೀನು ಅನ್ನು, ಪರವಾಗಿಲ್ಲ’ ಎಂದು ಹೇಳಬೇಕಾದವರು ಎದುರಿನವರು. ಪರದೇಶಕ್ಕೆ ಹೊರಟ ವಿದ್ಯಾರ್ಥಿಗಳಿಗೂ ಇದೇ ಸೂತ್ರ.

ಆದರೆ ಆ ನಾಲ್ಕು ಮಾತುಗಳನ್ನು ಅವನು ಕಲಿಯಬೇಕಾದರೆ ಮೊದಲು ನಮ್ಮ ಬಾಯಿಂದ ಕೇಳಬೇಕು. ಈ ವಿಷಯದಲ್ಲಿ ಪಾಲಕರ ಹೊಣೆ ದೊಡ್ಡದು. ‘ಮೇಷ್ಟ್ರಿಗೆ ನಮಸ್ಕಾರ ಹೇಳು’ ಎಂದು ಮಕ್ಕಳಿಗೆ ಬುದ್ಧಿ ಹೇಳುವ ನಾವು, ಅದೇ ಮಕ್ಕಳ ಎದುರಿಗೆ ತಲೆ ನರೆತ ಕೆಲಸಗಾರನನ್ನು ‘ಏಯ್’ ಎಂದು ಕೂಗಿದರೆ ಅವರು ಕಲಿಯುವ ಪಾಠ ಯಾವುದು? ಅಸ್ಸಾಮಿನಿಂದ ಬಂದವನೂ ಮನೆಯ ಮಗುವೂ ಕನ್ನಡ ಕಲಿಯುವ ಬಗೆ ಒಂದೇ. ಇಬ್ಬರೂ ನಾವು ಆಡಿದ್ದನ್ನೇ ಆಡುತ್ತಾರೆ.