ಹೊಸ ಊರು, ನಾಲ್ವರು ಗೆಳೆಯರು, ಒಂದೇ ತಟ್ಟೆ

ಬುಧವಾರದ ಮಧ್ಯಾಹ್ನ. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬದ ಒಂದು ಸಾಧಾರಣ ಹೋಟೆಲು. ಬೆಂಗಳೂರಿನಿಂದ ಹೊರಟ ನಾಲ್ವರು ಗೆಳೆಯರು ಊರು ನೋಡಿ, ಕಾಲು ಸೋತು, ಹಸಿದು ಒಳಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬ ಕೋಳಿ, ಕುರಿ ಎಲ್ಲವನ್ನೂ ತಿನ್ನುವವನು. ಇನ್ನೊಬ್ಬ ಮೊಟ್ಟೆಗೇ ನಿಲ್ಲುವವನು. ಮೂರನೆಯವನು ಸಸ್ಯಾಹಾರಿ, ಮೊಸರಿಲ್ಲದೆ ಊಟ ಮುಗಿಯದವನು. ನಾಲ್ಕನೆಯವಳು ಮಾತ್ರ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದನ್ನೂ ಮುಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ಇಂಥವರಿಗೆ ವೀಗನ್ ಎನ್ನುತ್ತಾರೆ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವ್ಯಾಟ್ಸನ್ ಮತ್ತು ಅವರ ಸಂಗಾತಿಗಳು ಚಾಲ್ತಿಗೆ ತಂದ ಪದ ಅದು.

‘ವೆಜಿಟೇರಿಯನ್’ ಎಂದರೆ ಮಾಣಿ ತಲೆಯಾಡಿಸಿ ಆಮ್ಲೆಟ್ಟು ತಂದರೂ ತಂದಾನು. ‘ವೀಗನ್’ ಎಂದರೆ ಮುಖ ಮುಖ ನೋಡಿಯಾನು. ಅವಳಿಗೆ ಬೇಕಾದ ಊಟವಾದರೋ ಆ ಹೋಟೆಲಿನ ಒಲೆಯ ಮೇಲೆ ಅಷ್ಟು ಹೊತ್ತಿಗೆ ಬೆಂದು ಸಿದ್ಧವಾಗಿರುತ್ತದೆ! ಕೇಳಬೇಕಾದ ಮಾತು ಬೇರೆ, ಅಷ್ಟೆ. ಆ ಮಾತು ‘ತ್ಸೋಮ್’. ಅಮ್ಹಾರಿಕ್ ಭಾಷೆಯಲ್ಲಿ ಹಾಗೆಂದರೆ ಉಪವಾಸ.

ಉಪವಾಸವೆಂದರೆ ಅಲ್ಲಿ ಬರಿಹೊಟ್ಟೆಯಲ್ಲಿರುವುದಷ್ಟೇ ಅಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ವ್ರತದ ದಿನ ಮಧ್ಯಾಹ್ನದವರೆಗೋ ಇನ್ನೂ ಹೊತ್ತಿಳಿಯುವವರೆಗೋ ಏನನ್ನೂ ಮುಟ್ಟದೆ ಇದ್ದು, ಆಮೇಲೆ ಊಟ ಮಾಡುತ್ತಾರೆ. ಆ ಊಟದಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಸುಳಿಯುವಂತಿಲ್ಲ. ನಮ್ಮ ಏಕಾದಶಿಯಲ್ಲಿ ಅನ್ನ ಬಿಟ್ಟು ಹಾಲು ಹಣ್ಣು ತೆಗೆದುಕೊಂಡರೆ, ಅವರ ವ್ರತದಲ್ಲಿ ಹಾಲೇ ವರ್ಜ್ಯ. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶುಕ್ರವಾರ, ಇದು ಕಡ್ಡಾಯ. ಈಸ್ಟರಿಗೆ ಮುಂಚೆ ಐವತ್ತೈದು ದಿನಗಳ ದೊಡ್ಡ ವ್ರತ. ಕ್ರಿಸ್‌ಮಸ್ಸಿಗೆ ಮುಂಚೆ ಒಂದು, ಆಗಸ್ಟ್‌ನಲ್ಲಿ ಒಂದು. ಲೆಕ್ಕ ಹಾಕಿದರೆ ನಿಷ್ಠಾವಂತ ಗೃಹಸ್ಥನಿಗೆ ವರ್ಷದಲ್ಲಿ ಸುಮಾರು 180 ದಿನ, ಪಾದ್ರಿಗಳಿಗೆ 250 ದಿನಗಳವರೆಗೆ ವ್ರತ. ಅರ್ಧ ವರ್ಷ ಹಾಲಿಲ್ಲದೆ, ಬೆಣ್ಣೆಯಿಲ್ಲದೆ ರುಚಿಯಾಗಿ ಉಣ್ಣುವುದನ್ನು ಒಂದು ನಾಡು ಶತಮಾನಗಳಿಂದ ರೂಢಿಸಿಕೊಂಡಿದೆ ಎಂದಾಯಿತು.

‘ಯೆತ್ಸೋಮ್ ಬೆಯಾಯ್ನೆತು’ ಎಂದು ಹೇಳಿದರೆ ಬರುವುದು ‘ಬಗೆಬಗೆಯ ವ್ರತದೂಟ’. ಮೊರದಗಲದ ತಟ್ಟೆಯಲ್ಲಿ ದೊಡ್ಡದೊಂದು ದೋಸೆ ಹಾಸಿರುತ್ತದೆ. ಅದರ ಹೆಸರು ಇಂಜೆರಾ. ಅದರ ಮೇಲೆ ಗುಡ್ಡೆ ಗುಡ್ಡೆಯಾಗಿ ಪಲ್ಯ, ಗೊಜ್ಜು. ಕೆಂಪಗೆ ಖಾರವಾಗಿರುವುದು ಮಿಸಿರ್ ವೊಟ್. ನಮ್ಮ ಮಸೂರ್ ಬೇಳೆಯೇ. ಈರುಳ್ಳಿಯನ್ನು ಮೊದಲು ಎಣ್ಣೆಯಿಲ್ಲದೆ ತಾಳ್ಮೆಯಿಂದ ಬಾಡಿಸಿ, ಬೆರ್ಬೆರೆ ಎಂಬ ಮಸಾಲೆಪುಡಿ ಹಾಕಿ ಬೇಯಿಸುತ್ತಾರೆ. ಹಳದಿಯದು ಅರಿಸಿನ ಹಾಕಿದ ಬಟಾಣಿ ಬೇಳೆ. ಹಸಿರಿನದು ಗೋಮೆನ್, ಕೋಸಿನ ಜಾತಿಯ, ಆದರೆ ಗಡ್ಡೆ ಕಟ್ಟದ ಸೊಪ್ಪು. ಎಲೆಕೋಸು, ಕ್ಯಾರೆಟ್, ಆಲೂಗಡ್ಡೆಯ ಪಲ್ಯ ಒಂದು ಕಡೆ. ನಡುವೆ ಶಿರೊ: ಕಡಲೆ ಅಥವಾ ಬಟಾಣಿ ಹಿಟ್ಟನ್ನು ಮಸಾಲೆಯೊಂದಿಗೆ ಕುದಿಸಿದ್ದು. ಝುಣಕವನ್ನು ತೆಳ್ಳಗೆ ಮಾಡಿದರೆ ಹೇಗಿರುತ್ತದೋ ಹಾಗೆ. ಚಮಚ ಇಲ್ಲ. ಕೈ ತೊಳೆದುಕೊಂಡು, ಬಲಗೈಯಲ್ಲಿ ಇಂಜೆರಾ ಹರಿದು, ಪಲ್ಯ ಸುತ್ತಿ ಬಾಯಿಗಿಡುವುದು. ಕನ್ನಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಗುರುವಾರದ ತುಪ್ಪ

ಇಷ್ಟು ಓದಿ, ‘ಹಾಗಾದರೆ ಅಲ್ಲಿ ತೊಂದರೆಯೇ ಇಲ್ಲ’ ಎಂದುಕೊಳ್ಳಬೇಡಿ. ಬುಧವಾರ ಹೊಟ್ಟೆ ತುಂಬ ಉಂಡ ಹುಡುಗಿ ಗುರುವಾರ ಅದೇ ಹೋಟೆಲಿಗೆ ಹೋಗಿ ಅದೇ ಶಿರೊ ಕೇಳಿದರೆ, ಅದು ನಿನ್ನೆಯ ಶಿರೊ ಆಗಿರುವುದೆಂಬ ಭರವಸೆ ಇಲ್ಲ. ವ್ರತವಿಲ್ಲದ ದಿನ ಬೇಳೆಗೂ ಶಿರೊಗೂ ‘ನಿತಿರ್ ಕಿಬೆ’ ಬೀಳಬಹುದು. ಬೆಣ್ಣೆಯನ್ನು ಶುಂಠಿ, ಬೆಳ್ಳುಳ್ಳಿ, ಅರಿಸಿನ, ಏಲಕ್ಕಿಯಂಥವುಗಳೊಂದಿಗೆ ಕಾಯಿಸಿ ಸೋಸಿದ್ದು ಅದು. ನಮ್ಮ ತುಪ್ಪದ ನೆಂಟ. ನೋಡಿದರೆ ತಿಳಿಯುವುದಿಲ್ಲ. ನಮ್ಮಲ್ಲಿ ಬಿಸಿಬೇಳೆಬಾತಿಗೆ ತುಪ್ಪ ಹಾಕಿರುವುದನ್ನು ಯಾರಾದರೂ ಹೇಳುತ್ತಾರೆಯೇ? ಅದು ಹೇಳಬೇಕಾದ ಸಂಗತಿ ಎಂದೇ ಅಡಿಗೆಯವರಿಗೆ ಅನ್ನಿಸುವುದಿಲ್ಲ. ಹಾಗೆಯೇ ಅಲ್ಲಿಯೂ.

ಇನ್ನೊಂದು ಸಂಗತಿ ಪ್ರವಾಸದ ಪುಸ್ತಕಗಳಲ್ಲಿ ಮೂಲೆಯಲ್ಲಿರುತ್ತದೆ. ಈಸ್ಟರ್ ಹಬ್ಬದ (ಅವರ ಮಾತಿನಲ್ಲಿ ಫಸಿಕಾ) ನಂತರದ ಐವತ್ತು ದಿನ ಬುಧವಾರ, ಶುಕ್ರವಾರಗಳಲ್ಲಿಯೂ ವ್ರತವಿಲ್ಲ. ಎರಡು ತಿಂಗಳ ಹತ್ತಿರ ಬೆಣ್ಣೆ ಬಿಟ್ಟಿದ್ದ ಊರು ಆಗ ಹಬ್ಬದ ಊಟದಲ್ಲಿರುತ್ತದೆ. ಆ ದಿನಗಳಲ್ಲಿ ಹೋದವರು ಪ್ರತಿ ಸಲವೂ ಕೇಳಿಯೇ ತಿನ್ನಬೇಕು. ನಾಲ್ಕು ಪದ ಬರೆದಿಟ್ಟುಕೊಂಡರೆ ಸಾಕು: ಸಿಗಾ ಎಂದರೆ ಮಾಂಸ, ವೆತೆತ್ ಹಾಲು, ಕಿಬೆ ಬೆಣ್ಣೆ, ಇಂಕುಲಾಲ್ ಮೊಟ್ಟೆ. ಐದನೆಯದನ್ನೂ ಸೇರಿಸಿಕೊಳ್ಳುವುದು ಲೇಸು: ಆಸಾ, ಮೀನು. ವ್ರತದಲ್ಲಿ ಮೀನು ಸಲ್ಲುತ್ತದೆಯೋ ಇಲ್ಲವೋ ಎಂಬ ಬಗ್ಗೆ ಅಲ್ಲಿಯ ಭಕ್ತರಲ್ಲೇ ಒಮ್ಮತವಿಲ್ಲ. ಕೆಲವು ಹೋಟೆಲುಗಳ ವ್ರತದ ಪಟ್ಟಿಯಲ್ಲಿ ಮೀನೂ ಇರುತ್ತದೆ. ಜೇನಿಗಂತೂ ನಿಷೇಧವಿಲ್ಲ. ಬುಧವಾರದ ಊಟವೂ ವೀಗನ್ ಊಟವೂ ಒಂದರ ಮೇಲೊಂದು ಇಟ್ಟರೆ ಹತ್ತಿರ ಹತ್ತಿರ ಹೊಂದುತ್ತವೆ, ಅಂಚಿನಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ.

ನಗಬೇಕಾದ್ದೇನೂ ಇಲ್ಲ. ನಮ್ಮಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಹಾಲನ್ನು ಹೊರಗಿಡುವುದಿಲ್ಲ ಎಂಬುದು ಎಷ್ಟು ಜನಕ್ಕೆ ಗೊತ್ತು? ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ, ಪ್ರತ್ಯೇಕ ಗುರುತು ಭಾರತದಲ್ಲಿ ಬಂದದ್ದು 2022ರಲ್ಲಿ.

ಇಲ್ಲಿ ಗೆಳೆಯರ ಪಾತ್ರ ಬರುತ್ತದೆ. ‘ಒಂದು ದಿನ ತುಪ್ಪ ತಿಂದರೆ ಏನಾಗುತ್ತೇ?’ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಉತ್ತರ, ಆಕೆ ಹಾಲು ಬಿಟ್ಟದ್ದು ಏತಕ್ಕೆ ಎನ್ನುವುದರ ಮೇಲಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ದೊಡ್ಡವರಾದಂತೆ ಕಡಿಮೆಯಾಗುವವರು ದಕ್ಷಿಣ ಭಾರತದಲ್ಲಿ ಬಹಳ ಮಂದಿ; ಅವರಿಗೆ ಲೋಟ ಹಾಲು ಹೊಟ್ಟೆಯುಬ್ಬರ ತಂದರೂ ತುಪ್ಪ ಸಾಮಾನ್ಯವಾಗಿ ಏನೂ ಮಾಡದು, ಏಕೆಂದರೆ ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಪ್ರಾಣಿಗಳ ಮೇಲಿನ ಕರುಣೆಯಿಂದ ಬಿಟ್ಟವರಿಗೆ ಮೈಗೇನೂ ಆಗದು, ಮನಸ್ಸಿಗೆ ಆಗುತ್ತದೆ. ಅದು ಸಣ್ಣ ವಿಷಯವಲ್ಲ. ಮೂರನೆಯ ಗುಂಪಿನವರು ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು. ಇವರಲ್ಲಿ ಕೆಲವರಿಗೆ ಚೂರು ಬೆಣ್ಣೆಯೂ ಮೈಯೆಲ್ಲ ದದ್ದು ತರಬಹುದು, ಉಸಿರು ಕಟ್ಟಿಸಬಹುದು. ಇಂಥವರು ‘ತ್ಸೋಮ್’ ಎಂಬ ಪದವನ್ನು ನಂಬಿ ಕೂರಬಾರದು. ನಿನ್ನೆ ಕಿಬೆ ಕಾಯಿಸಿದ ಪಾತ್ರೆಯಲ್ಲೇ ಇಂದಿನ ಬೇಳೆ ಬೆಂದಿರಬಹುದು. ಮಗಳನ್ನೋ ಮಗನನ್ನೋ ಗೆಳೆಯರ ಜೊತೆ ಕಳಿಸುವ ತಂದೆತಾಯಿ, ಇದು ಯಾವ ಬಗೆಯ ‘ಬೇಡ’ ಎಂಬುದನ್ನು ಆ ಗೆಳೆಯರಿಗೆ ಬಿಡಿಸಿ ಹೇಳಿ, ವೈದ್ಯರು ಕೊಟ್ಟ ಔಷಧ ಯಾವ ಚೀಲದಲ್ಲಿದೆ ಎಂದು ತೋರಿಸಿಯೇ ಕಳಿಸಬೇಕು.

ಅಡಿಸ್ ಅಬಾಬದಲ್ಲಿ ಇದು ಇನ್ನಷ್ಟು ಮುಖ್ಯ, ಏಕೆಂದರೆ ತಟ್ಟೆ ಒಂದೇ. ನಾಲ್ವರಿಗೂ ಸೇರಿ ಒಂದು ಇಂಜೆರಾ. ಮಾಂಸ ತಿನ್ನುವ ಗೆಳೆಯ ಕಿತ್ಫೊ ಕೇಳಿದನೆನ್ನಿ. ಅದು ಹಸಿ ದನದ ಮಾಂಸವನ್ನು ನುಣ್ಣಗೆ ಕೊಚ್ಚಿ, ನಿತಿರ್ ಕಿಬೆ, ಖಾರ ಕಲಸಿದ್ದು. ಅದನ್ನು ಅದೇ ಇಂಜೆರಾದ ಮೇಲೆ ಬಡಿಸಿಬಿಟ್ಟರೆ ಪಕ್ಕದ ಬೇಳೆಗೆ ತುಪ್ಪ ಹರಿಯುವುದಕ್ಕೆ ಎಷ್ಟು ಹೊತ್ತು? ಆದ್ದರಿಂದ ‘ಮಾಂಸ ಬೇರೆ ತಟ್ಟೆಯಲ್ಲಿ’ ಎಂದು ಮೊದಲೇ ಹೇಳಬೇಕು. ಹೇಳಿದರೆ ಹಾಗೆಯೇ ತಂದುಕೊಡುತ್ತಾರೆ. ಇನ್ನೂ ಸುಲಭದ ದಾರಿಯೆಂದರೆ ಆ ಒಂದು ಹೊತ್ತು ನಾಲ್ವರೂ ವ್ರತದೂಟವನ್ನೇ ಉಣ್ಣುವುದು. ಊರಿನವರೆಲ್ಲ ಉಣ್ಣುವಾಗ ಮೂವರು ಗೆಳೆಯರಿಗೆ ಅದೇನು ಕಷ್ಟ?

ಜೊತೆಗೆ ‘ಗುರ್ಶಾ’ ಎಂಬ ಪದ್ಧತಿಯಿದೆ. ಊಟದ ನಡುವೆ ತುತ್ತು ಸುತ್ತಿ ಪಕ್ಕದವರ ಬಾಯಿಗೆ ತಾವೇ ಇಡುವುದು. ಪ್ರೀತಿ, ಗೌರವ ಎರಡರ ಗುರುತೂ ಹೌದು. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದಂತೆ. ಬೇಡವೆನ್ನುವುದು ಸರಿಯಲ್ಲ. ಮನೆಗೆ ಕರೆದವರಿಗೆ ಮುಂಚೆಯೇ ‘ನನಗೆ ಇಂದೂ ತ್ಸೋಮ್’ ಎಂದು ಹೇಳಿಬಿಟ್ಟರೆ ಆತಿಥೇಯರ ಕೈಯ ತುತ್ತಿನಲ್ಲಿ ಏನಿದೆಯೋ ಎಂಬ ಅಂಜಿಕೆ ಇರುವುದಿಲ್ಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ಇಥಿಯೋಪಿಯಾದ ಶಾಲೆಗಳಲ್ಲಿ ಪಾಠ ಹೇಳಿದ ಹೊರದೇಶದವರಲ್ಲಿ ಭಾರತದ ಮೇಷ್ಟ್ರುಗಳು ಬಹಳ ಮಂದಿ ಇದ್ದರು. ಭಾರತದಿಂದ ಬಂದವರು ಊಟದಲ್ಲಿ ಏನನ್ನೋ ಬೇಡವೆನ್ನುವುದು ಅಲ್ಲಿಯ ಹಿರಿಯರಿಗೆ ತೀರ ಹೊಸತಾಗಲಾರದು.

ತಟ್ಟೆಯಲ್ಲಿರುವ ನೆಂಟರು

ಇನ್ನು ಆ ಇಂಜೆರಾದ ವಿಚಾರ. ಅದರ ಕಾಳು ಟೆಫ್. ಹುಲ್ಲಿನ ಜಾತಿಯ ಧಾನ್ಯ, ರಾಗಿಗಿಂತಲೂ ಎಷ್ಟೋ ಸಣ್ಣದು. ಒಂದು ಗ್ರಾಂ ತೂಗಲು ಎರಡೂವರೆ ಮೂರು ಸಾವಿರ ಕಾಳು ಬೇಕು. ಹಿಟ್ಟನ್ನು ನೀರಿನಲ್ಲಿ ಕಲಸಿ, ಹಿಂದಿನ ಸಲದ ಹುಳಿನೀರನ್ನು ಹೆಪ್ಪಿನಂತೆ ಹಾಕಿ, ಎರಡು ಮೂರು ದಿನ ಹುದುಗಲು ಬಿಡುತ್ತಾರೆ. ಆಮೇಲೆ ಸ್ವಲ್ಪ ಹಿಟ್ಟನ್ನು ತೆಗೆದು ಅಂಬಲಿಯಂತೆ ಕಾಯಿಸಿ ಮತ್ತೆ ಅದಕ್ಕೇ ಬೆರೆಸುತ್ತಾರೆ. ಬೆಂದ ಪಿಷ್ಟ ಅಂಟಾಗಿ ಗಾಳಿಯ ಗುಳ್ಳೆಗಳನ್ನು ಹಿಡಿದಿಡುತ್ತದೆ. ಗೋಧಿಯಲ್ಲಿ ಆ ಕೆಲಸ ಮಾಡುವ ಗ್ಲುಟೆನ್ ಟೆಫ್‌ನಲ್ಲಿ ಇಲ್ಲ. ಅಡಿಗೆಮನೆಯ ಹೆಂಗಸರು ರಸಾಯನಶಾಸ್ತ್ರ ಓದದೆಯೇ ಆ ಕೊರತೆಗೆ ದಾರಿ ಕಂಡುಕೊಂಡಿದ್ದಾರೆ. ಅಗಲವಾದ ಮಣ್ಣಿನ ಕಾವಲಿಯ ಮೇಲೆ ಹುಯ್ದು, ಮುಚ್ಚಳ ಮುಚ್ಚಿ, ಒಂದೇ ಮಗ್ಗುಲು ಬೇಯಿಸಿದಾಗ ಮೇಲೆಲ್ಲ ಸಣ್ಣ ಸಣ್ಣ ತೂತು. ಅವನ್ನು ಅಲ್ಲಿ ‘ಕಣ್ಣು’ ಎನ್ನುತ್ತಾರೆ. ಕಣ್ಣು ತುಂಬ ಇದ್ದರೆ ಒಳ್ಳೆಯ ಇಂಜೆರಾ.

ಅದರ ಹುಳಿಗೆ ಮುಖ್ಯ ಕಾರಣ ಲ್ಯಾಕ್ಟಿಕ್ ಆಮ್ಲ. ಷೀಲೆ ಎಂಬ ವಿಜ್ಞಾನಿ 1780ರಲ್ಲಿ ಅದನ್ನು ಹುಳಿತ ಹಾಲಿನಲ್ಲಿ ಕಂಡುಹಿಡಿದದ್ದರಿಂದ ಅದಕ್ಕೆ ಹಾಲಿನ ಹೆಸರು ಬಂತು. ಇಂಜೆರಾದಲ್ಲಿಯೂ ನಮ್ಮ ದೋಸೆಹಿಟ್ಟಿನಲ್ಲಿಯೂ ಅದು ಹುಟ್ಟುವುದು ಹಾಲಿನ ಹನಿಯೂ ಇಲ್ಲದೆ. ಪರೀಕ್ಷೆಯಲ್ಲಿ ‘ಲ್ಯಾಕ್ಟಿಕ್ ಎಂದ ಮೇಲೆ ಹಾಲಿನಿಂದಲೇ’ ಎಂದು ಬರೆಯುವ ಮಕ್ಕಳು ಇದನ್ನು ನೆನಪಿಡಲಿ.

ತಟ್ಟೆಯಲ್ಲಿ ಕನ್ನಡಿಗರ ನೆಂಟರು ಇನ್ನೂ ಇದ್ದಾರೆ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಇಥಿಯೋಪಿಯಾದಲ್ಲಿ ಅದಕ್ಕೆ ದಗುಸಾ ಎನ್ನುತ್ತಾರೆ, ಟೆಫ್ ಜೊತೆ ಬೆರೆಸಿ ಇಂಜೆರಾ ಮಾಡುವುದೂ ಉಂಟು. ಉತ್ತರ ಕರ್ನಾಟಕದ ರೊಟ್ಟಿಯ ಜೊತೆಗಾತಿ ಗುರೆಳ್ಳು ಚಟ್ನಿ ಇದೆಯಲ್ಲ, ಆ ಗುರೆಳ್ಳಿನ (ಹಳೆ ಮೈಸೂರಿನವರ ಹುಚ್ಚೆಳ್ಳಿನ) ಮೂಲವೂ ಅಲ್ಲಿಯೇ. ಅದರ ವೈಜ್ಞಾನಿಕ ಹೆಸರಿನಲ್ಲಿರುವ ‘ಅಬಿಸ್ಸಿನಿಕ’ ಎಂಬುದು ಇಥಿಯೋಪಿಯಾದ ಹಳೆಯ ಹೆಸರಿನಿಂದ ಬಂದದ್ದು. ಬೆಣ್ಣೆ ನಿಷಿದ್ಧವಾದ ದಿನಗಳಲ್ಲಿ ನೂಗ್ ಎಂಬ ಹೆಸರಿನ ಇದೇ ಎಳ್ಳಿನ ಎಣ್ಣೆ ಅಡಿಗೆಗೆ ಬೀಳುತ್ತದೆ. ಕುಸುಬೆಯನ್ನು ಅರೆದು ಸೋಸಿದ ಬಿಳಿಯ ರಸದಲ್ಲಿ ಇಂಜೆರಾ ಚೂರುಗಳನ್ನು ಕಲಸಿ ಸೂಫ್ ಫಿತ್‌ಫಿತ್ ಎಂಬುದನ್ನು ಮಾಡುತ್ತಾರೆ. ನಮ್ಮಲ್ಲಿ ಅದೇ ಕುಸುಬಿ ಹಾಲಿನಲ್ಲಿ ಹುಗ್ಗಿ ಮಾಡುವುದಿಲ್ಲವೇ? ಆ ಮನೆಗಳ ಅಜ್ಜಿಯರಿಗೆ ವೀಗನ್ ಎಂಬ ಪದ ಗೊತ್ತಿರಲಿಲ್ಲ, ಹಾಲಿಲ್ಲದ ಹಾಲು ಗೊತ್ತಿತ್ತು.

ಹಾಲು ಬಿಟ್ಟರೆ ಸುಣ್ಣದ ಅಂಶ ಎಲ್ಲಿಂದ ಬರಬೇಕು ಎಂಬುದು ತಾಯಂದಿರ ಮೊದಲ ಚಿಂತೆ. ನೂರು ಗ್ರಾಂ ಹಸುವಿನ ಹಾಲಿನಲ್ಲಿ ಕ್ಯಾಲ್ಸಿಯಂ ಸುಮಾರು 120 ಮಿಲಿಗ್ರಾಂ. ಅಷ್ಟೇ ತೂಕದ ಒಣ ಟೆಫ್‌ನಲ್ಲಿ ಸುಮಾರು 180, ರಾಗಿಯಲ್ಲಿ 340ಕ್ಕೂ ಹೆಚ್ಚು. ಧಾನ್ಯದಲ್ಲಿರುವ ಫೈಟಿಕ್ ಆಮ್ಲ ಅದನ್ನು ಪೂರ್ತಿ ಮೈಗೆ ಹತ್ತಗೊಡದು, ನಿಜ. ಹಿಟ್ಟನ್ನು ಹುಳಿಬರಿಸಿದಾಗ ಆ ಅಡ್ಡಿ ಕಡಿಮೆಯಾಗುತ್ತದೆ. ಟೆಫ್‌ನಲ್ಲಿ ಕಬ್ಬಿಣ ಅಪಾರ ಎಂಬ ಮಾತನ್ನು ಮಾತ್ರ ಸ್ವಲ್ಪ ಜರಡಿ ಹಿಡಿಯಬೇಕು. ಎತ್ತುಗಳಿಂದ ತುಳಿಸುವ ಕಣದಲ್ಲಿ ಕಾಳಿಗೆ ಮೆತ್ತಿದ ಮಣ್ಣಿನ ಕಬ್ಬಿಣವೂ ಆ ಲೆಕ್ಕದಲ್ಲಿ ಸೇರಿಕೊಂಡಿದೆ!

ಚಿಂತೆ ಮಾಡಬೇಕಾದದ್ದು ಬಿ–12 ಜೀವಸತ್ವದ ಬಗ್ಗೆ. ಬೇಕಾಗುವುದು ದಿನಕ್ಕೆ ಎರಡೂವರೆ ಮೈಕ್ರೊಗ್ರಾಮಿನ ಆಸುಪಾಸು, ಅಷ್ಟೆ. ಆದರೆ ಬೇಳೆ, ಸೊಪ್ಪು, ಟೆಫ್, ರಾಗಿ ಯಾವುದರಲ್ಲಿಯೂ ನೆಚ್ಚಬಹುದಾದಷ್ಟು ಇಲ್ಲ. ಹುಳಿ ಹಿಟ್ಟಿನಲ್ಲಿ ತಾನಾಗಿ ಬರುತ್ತದೆ ಎಂದು ನಂಬಿ ಕೂರುವುದೂ ತಪ್ಪು. ವ್ರತ ಮಾಡುವ ಇಥಿಯೋಪಿಯನ್ ಉಳಿದ ದಿನಗಳಲ್ಲಿ ಹಾಲು, ಮಾಂಸ ತಿಂದು ಅದನ್ನು ತುಂಬಿಕೊಳ್ಳಬಹುದು. ವರ್ಷವಿಡೀ ವೀಗನ್ ಆಗಿರುವವರಿಗೆ ಆ ಅವಕಾಶವಿಲ್ಲ. ಯಕೃತ್ತಿನಲ್ಲಿರುವ ದಾಸ್ತಾನು ವರ್ಷಗಟ್ಟಲೆ ಬರುವುದರಿಂದ ಕೊರತೆ ಕೂಡಲೇ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ರಕ್ತಹೀನತೆ, ಕೈಕಾಲು ಜೋಮು, ಮರೆವು ಶುರುವಾಗಿರಬಹುದು. ನರಗಳಿಗೆ ಆದ ಪೆಟ್ಟು ಕೆಲವೊಮ್ಮೆ ಪೂರ್ತಿ ವಾಸಿಯಾಗುವುದೂ ಇಲ್ಲ. ವೈದ್ಯರನ್ನು ಕೇಳಿ ತೆಗೆದುಕೊಳ್ಳುವ ಮಾತ್ರೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಇದಕ್ಕೆ ಪರ್ಯಾಯವಿಲ್ಲ. ‘ಹಾಲು ಕುಡಿ’ ಎಂದು ಮಗಳೊಡನೆ ವರ್ಷವಿಡೀ ಜಗಳವಾಡುವುದಕ್ಕಿಂತ ಈ ಒಂದು ವಿಷಯದಲ್ಲಿ ಪಟ್ಟು ಹಿಡಿಯುವುದು ಮೇಲು.

ಊಟವಾಯಿತು, ಇನ್ನು ಕಾಫಿ. ಅಡಿಸ್ ಅಬಾಬ ಎಂದರೆ ‘ಹೊಸ ಹೂವು’. ಊಟಿಗಿಂತಲೂ ಎತ್ತರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಮೇಲಿದೆ; ಅಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ಕಾಫಿಗೆ ಅದೇನೂ ಅಡ್ಡಿಯಲ್ಲ. ಹಸಿ ಬೀಜವನ್ನು ಕುಳಿತವರ ಎದುರಿಗೇ ಹುರಿದು, ಹೊಗೆಯ ಪರಿಮಳವನ್ನು ಎಲ್ಲರಿಗೂ ತೋರಿಸಿ, ಕುಟ್ಟಿ, ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಕೂಜೆಯಲ್ಲಿ ಕುದಿಸುತ್ತಾರೆ. ಪಕ್ಕದಲ್ಲಿ ಧೂಪ. ಸಣ್ಣ ಬಟ್ಟಲಿನಲ್ಲಿ ಮೂರು ಸಲ ಕೊಡುತ್ತಾರೆ: ಮೊದಲನೆಯದು ಅಬೋಲ್, ಎರಡನೆಯದು ತೋನಾ, ತೆಳ್ಳಗಿನ ಮೂರನೆಯದು ಬೆರೆಕಾ, ಎಂದರೆ ಆಶೀರ್ವಾದ. ನೆಂಚಿಕೊಳ್ಳಲು ಹುರಿದ ಬಾರ್ಲಿ ಅಥವಾ ಜೋಳದ ಅರಳು.

ಮೊಸರಿಲ್ಲದೆ ಊಟ ಮುಗಿಯದ ಗೆಳೆಯ ಚಿಕ್ಕಮಗಳೂರಿನ ಕಾಫಿ ಕುಡಿದು ಬೆಳೆದವನು. ಸ್ವಲ್ಪ ಹಾಲು ಸಿಕ್ಕೀತೇ ಎಂದು ಕೇಳುತ್ತಾನೆ. ಕಾಫಿ ಹುಯ್ಯುವ ಹೆಂಗಸು ನಕ್ಕು, ‘ತ್ಸೋಮ್’ ಎಂದು ತಲೆಯಾಡಿಸಿ ಸಕ್ಕರೆ ಡಬ್ಬಿಯನ್ನು ಅವನತ್ತ ಸರಿಸುತ್ತಾಳೆ. ಇಷ್ಟು ಹೊತ್ತು ಪ್ರತಿಯೊಂದನ್ನೂ ಕೇಳಿ ಕೇಳಿ ತಿಂದ ಹುಡುಗಿ ಏನನ್ನೂ ಕೇಳದೆ ಎರಡನೆಯ ಬಟ್ಟಲಿಗೆ ಕೈ ಚಾಚುತ್ತಾಳೆ.