ಬಡ ಚಿತ್ರದ ಬಣ್ಣಗಾರ

ಚಲನಚಿತ್ರವೆಂದರೆ ನಮ್ಮವರಿಗೆ ನೆನಪಾಗುವುದು ನಾಯಕ, ನಾಯಕಿ, ಹಾಡು. ನಾಯಕಿಯ ಹಣೆಯ ಕುಂಕುಮ ಮೊದಲ ದೃಶ್ಯದಲ್ಲಿ ಎಷ್ಟು ಅಗಲವಿತ್ತೋ ಮುಂದಿನದರಲ್ಲೂ ಅಷ್ಟೇ ಇರುವಂತೆ ನೋಡಿಕೊಳ್ಳುವವನೊಬ್ಬನಿದ್ದಾನೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಬಂದರೆ ಅವನ ಕೆಲಸ ಕೆಟ್ಟಿದೆಯೆಂದೇ ಅರ್ಥ. ದೊಡ್ಡ ಬಂಡವಾಳದ ಚಿತ್ರಗಳಲ್ಲಿ ಮುಖಕ್ಕೊಬ್ಬರು, ಕೂದಲಿಗೊಬ್ಬರು, ಕನ್ನಡಿ ಹಿಡಿಯಲು ಮತ್ತೊಬ್ಬರು. ಸಣ್ಣ ಚಿತ್ರದಲ್ಲಿ ಮೂರೂ ಒಬ್ಬನ ತಲೆಗೇ.

ಅಂತಹ ಒಬ್ಬನು ನಮ್ಮ ಹೈಸ್ಕೂಲಿನ ಕನ್ನಡ ವಿಭಾಗದ ಹಳೆಯ ವಿದ್ಯಾರ್ಥಿ. ಕಳೆದ ಬೇಸಗೆ ರಜೆಯಲ್ಲಿ ಮಂಜೇಶ್ವರದ ಕಡೆಯ ತೋಟದ ಮನೆಯೊಂದರಲ್ಲಿ ಚಿತ್ರೀಕರಣ ನಡೆದಾಗ ನಾವು ಎರಡು ದಿನ ಹೋಗಿ ಕುಳಿತು ನೋಡಿದೆವು. ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಕಟ್ಟಿದ ಒಂದು ಸೀರೆಯ ಮರೆಯೇ ಮೇಕಪ್ ಕೋಣೆ.

ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಬಣ್ಣವೇನೂ ಹೊಸತಲ್ಲ. ಚೌಕಿಯಲ್ಲಿ ವೇಷಧಾರಿ ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡುವುದೆಂದರೆ ಗಂಟೆಗಟ್ಟಲೆಯ ತಪಸ್ಸು. ಅದು ಗದ್ದೆಯ ಆಚೆ ಬದಿಯಲ್ಲಿ ಕುಳಿತವನಿಗೂ ಕಾಣಬೇಕಾದ ಬಣ್ಣ. ಕ್ಯಾಮರಾ ಬಂದು ನಿಲ್ಲುವುದು ಮೂಗಿನೆದುರು. ಅಲ್ಲಿ ಬಣ್ಣ ಕಂಡರೆ ಆಟ ಮುಗಿಯಿತು.

ಗಡ್ಡದ ಕೆಲಸ ನೋಡಿದರೆ ಇದು ಅರ್ಥವಾಗುತ್ತದೆ. ಜಡೆಯಂತೆ ಹೆಣೆದು ಬರುವ ಕ್ರೇಪ್ ಕೂದಲನ್ನು ಹುಡುಗ ಅನ್ನದ ಪಾತ್ರೆಯ ಹಬೆಗೆ ಹಿಡಿದು ನೇರ ಮಾಡುತ್ತಿದ್ದ. ಮದ್ಯಸಾರದಲ್ಲಿ ಕರಗಿಸಿದ ರಾಳದ ಅಂಟನ್ನು ಗಲ್ಲಕ್ಕೆ ಸವರಿ, ಕೆಳಗಿನಿಂದ ಮೇಲಕ್ಕೆ, ಹುಲ್ಲಿನ ಮಾಡು ಹೊದೆಸಿದ ಹಾಗೆ ಪದರ ಪದರವಾಗಿ ಅಂಟಿಸಬೇಕು. ಮೇಲಿನಿಂದ ಆರಂಭಿಸಿದರೆ ಗಡ್ಡವಲ್ಲ, ಪೊರಕೆ! ಹಿಂದಿನ ದಿನವೇ ನಟನ ಕಿವಿಯ ಹಿಂದೆ ಒಂದು ತೊಟ್ಟು ಅಂಟು ಹಚ್ಚಿ, ತುರಿಸಿತೇ, ಕೆಂಪಾಯಿತೇ ಎಂದು ನೋಡಿಕೊಂಡಿದ್ದ. ಸಂಜೆ ಕಿತ್ತು ತೆಗೆಯಕೂಡದು. ಕೊಬ್ಬರಿ ಎಣ್ಣೆ ಹಚ್ಚಿ ಅಂಟನ್ನು ಮೆತ್ತಗಾಗಿಸಬೇಕು. ನರೆಗೂದಲಿಗೆ ಪೌಡರ್ ಸುರಿಯುವುದು ನಮ್ಮ ಶಾಲಾ ನಾಟಕಗಳ ಪದ್ಧತಿ. ತಲೆ ಮುಟ್ಟಿದೊಡನೆ ಧೂಳೇಳುತ್ತದೆ. ಅವನು ಬಿಳಿ ಬಣ್ಣವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕಿವಿಯ ಮೇಲ್ಭಾಗಕ್ಕೆ ಎಳೆ ಎಳೆಯಾಗಿ ಹಚ್ಚಿದ. ನೆತ್ತರಿಗೆ ಕೆಂಪು ಬೆರೆಸಿದ ಸಕ್ಕರೆ ಪಾಕ. ಬಿದ್ದು ‘ಸತ್ತ’ ನಟನನ್ನು ಇರುವೆಗಳು ಎಬ್ಬಿಸಿ ಓಡಿಸಿದ್ದನ್ನೂ ನೋಡಿದೆವು.

ಬೋಳುತಲೆ ಇನ್ನೂ ಕಷ್ಟ. 1977ರ ‘ಘಟಶ್ರಾದ್ಧ’, 1983ರ ‘ಫಣಿಯಮ್ಮ’ ನೋಡಿದವರಿಗೆ ಬೋಳಿಸಿದ ಹೆಣ್ಣುತಲೆಯೊಂದು ಕಥೆಯನ್ನೇ ಹೊರಬಲ್ಲದೆಂದು ಗೊತ್ತು. ರಬ್ಬರಿನ ಟೋಪಿಯ ಅಂಚು ಹಣೆಯ ಮೇಲೆ ಕಾಣದಂತೆ ಮಾಡಲು ನುರಿತ ಕೈ, ಕೈತುಂಬ ಹಣ ಎರಡೂ ಬೇಕು. ನಿಜವಾಗಿ ಬೋಳಿಸುವುದು ಅಗ್ಗ. ಆದರೆ ಕೂದಲು ಮಾರನೆಯ ದಿನದ ದೃಶ್ಯಕ್ಕೆ ಹಿಂದಿರುಗುವುದಿಲ್ಲ. ಆದ್ದರಿಂದ ಕೂದಲಿರುವ ದೃಶ್ಯಗಳೆಲ್ಲ ಮುಗಿಯುವ ತನಕ ಕ್ಷೌರಿಕ ಕಾಯಬೇಕು.

ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಎರಡನೆಯ ದಿನದ ಮಾತು. ಚಿತ್ರದಲ್ಲಿ ಬುಟ್ಟಿ ಹೆಣೆಯುವ ಕೊರಗ ಮುದುಕನ ಪಾತ್ರವೊಂದಿತ್ತು. ಆರಿಸಿದ್ದು ಪೇಟೆಯ ಕೆಂಪು ಮೈಯ ನಟನನ್ನು. “ಚೆನ್ನಾಗಿ ಕಪ್ಪು ಬಳಿ” ಎಂದರು ನಿರ್ದೇಶಕರು. ಹುಡುಗ ಬ್ರಷ್ ಕೆಳಗಿಟ್ಟ.

ನವರಾತ್ರಿಯಲ್ಲಿ ಮೈಗೆ ಮಸಿ ಬಳಿದು, ಹಾಳೆಯ ಮುಟ್ಟಾಳೆಯಿಟ್ಟು ‘ಕೊರಗ ವೇಷ’ವೆಂದು ಕುಣಿದದ್ದನ್ನು ತುಳುನಾಡು ಬಹುಕಾಲ ತಮಾಷೆಯೆಂದೇ ನೋಡಿತು. ಆ ತಮಾಷೆ ತಮಗೆ ಅವಮಾನವೆಂದು ಕೊರಗ ಸಮುದಾಯದವರೇ ಹೇಳಿದ್ದಾರೆ. ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾಯ್ದೆಯಿಂದಲೇ ನಿಷೇಧಿಸಿತು. ಗಡಿಯ ಈಚೆಗೆ, ನಮ್ಮ ಜಿಲ್ಲೆಯಲ್ಲೂ ಕೊರಗರಿದ್ದಾರೆ; ನಮ್ಮ ಶಾಲೆಯ ಬೆಂಚಿನಲ್ಲಿ ಅವರ ಮಕ್ಕಳೂ ಕುಳಿತಿದ್ದಾರೆ. ಹುಡುಗ ಹೇಳಿದ್ದು ಇಷ್ಟೇ: “ಬಿಸಿಲು ಬೇಕಾದರೆ ಹಚ್ಚುತ್ತೇನೆ ಸಾರ್, ಜಾತಿಯನ್ನು ಹಚ್ಚುವುದಿಲ್ಲ.” ಬಿಸಿಲು ಹಚ್ಚುವುದೆಂದರೆ ಕತ್ತಿನ ಹಿಂಭಾಗ, ಮುಂಗೈ, ಪಾದದ ಮೇಲೆ, ಅಂದರೆ ನಿಜವಾಗಿ ಬಿಸಿಲು ಬೀಳುವಲ್ಲಿ, ತೆಳ್ಳಗೆ ಕಂದು ನೀರು ಸವರುವುದು. ಪಾತ್ರಕ್ಕೆ ಬೇಕಾದ ಮುಖ ಊರಿನಲ್ಲಿಯೇ ಇದೆ, ಕೇಳಿ ನೋಡಿ ಎಂದೂ ಹೇಳಿದ.

ನಿರ್ದೇಶಕರು ಸಿಟ್ಟಾದರು. ಆದರೆ ನಿರ್ಮಾಪಕರು ಲೆಕ್ಕ ಹಾಕಿದರು: ದಿನಕ್ಕೆ ಒಂದೂವರೆ ಗಂಟೆಯ ಮೇಕಪ್ ಉಳಿತಾಯ, ನಟನ ವಸತಿಯ ಖರ್ಚೂ ಇಲ್ಲ. ಬಡತನವೂ ಒಮ್ಮೊಮ್ಮೆ ನ್ಯಾಯದ ಪರ ವಾದಿಸುತ್ತದೆ. ಮರುದಿನ ಸಮೀಪದ ಕಾಲನಿಯ ಹಿರಿಯರೊಬ್ಬರು, ಪೇಟೆಯ ನಟನಿಗೆ ಗೊತ್ತುಮಾಡಿದ್ದ ಸಂಬಳಕ್ಕೇ ಒಪ್ಪಿ ಬಂದರಂತೆ. ಆ ಸಂಬಳದ ಮಾತನ್ನೂ ಹುಡುಗನೇ ಆಡಿದ್ದನೆಂದು ನಂತರ ಬೇರೆಯವರಿಂದ ತಿಳಿಯಿತು. ಹಿರಿಯರ ಮುಖಕ್ಕೆ ಹಚ್ಚಿದ್ದು ಬೆವರು ಒರೆಸಿದ ಬಳಿಕ ಚಿಟಿಕೆ ಪೌಡರ್ ಮಾತ್ರ.

ನಮ್ಮ ಜಿಲ್ಲೆಯ ಕನ್ನಡ ಶಾಲೆಯನ್ನೇ ಕಥೆಯಾಗಿಸಿದ ಚಿತ್ರ 2018ರಲ್ಲಿ ತೆರೆಗೆ ಬಂದಾಗ ಮಕ್ಕಳು ಪರದೆಯಲ್ಲಿ ನಟರನ್ನು ಹುಡುಕಿದರು. ಈ ಸಣ್ಣ ಚಿತ್ರ ಬಂದರೆ ಕೊನೆಯ ಹೆಸರುಗಳು ಸರಿಯುವವರೆಗೂ ಏಳಬಾರದೆಂದು ಅವರಿಗೆ ಈಗಲೇ ಹೇಳಿದ್ದೇವೆ. ಹುಡುಗನಿಗೆ ಸಂಬಳದ ಒಂದು ಕಂತು ಇನ್ನೂ ಬಾಕಿಯಿದೆ. ಈ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಬಂದು ಬಣ್ಣ ಹಚ್ಚಲು ಒಪ್ಪಿದ್ದಾನೆ. ಮಕ್ಕಳ ಮುಖಕ್ಕೆ ಅಂಟು ಬೇಡ, ಮೀಸೆಯನ್ನು ಪೆನ್ಸಿಲಿನಿಂದ ಬರೆದರೆ ಸಾಕು ಎಂಬುದು ಅವನ ಷರತ್ತು.