ಟೈಲ್ಸ್ ಕೊಳ್ಳುವಾಗ ಅಂದವೊಂದನ್ನೇ ನೋಡಿದರೆ ಸಾಕೇ?

ಮನೆ ಕಟ್ಟುವವರು ಸಿಮೆಂಟು, ಕಬ್ಬಿಣದ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಟೈಲ್ಸ್‌ನ ಸರದಿ ಬಂದಾಗ ಮಾತ್ರ ಬಣ್ಣ ಮತ್ತು ಹೊಳಪಿಗೆ ಮಾರುಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ ನಾವೂ ಅದನ್ನೇ ಮಾಡಿದೆವು. ಹಾಲ್‌ಗೆ ತಂದ ಹೊಳೆಯುವ ಟೈಲ್ಸ್ ಒಂದಿಷ್ಟು ಉಳಿಯಿತು. ದಂಡವಾಗುವುದು ಬೇಡವೆಂದು ಅದನ್ನೇ ಬಚ್ಚಲಿನ ನೆಲಕ್ಕೆ ಹಾಕಿಸಿದೆವು. ಒಂದು ಮುಂಜಾನೆ ವುಝೂ ಮಾಡಿ ಹೊರಬರುತ್ತಿದ್ದ ನನ್ನ ಉಮ್ಮ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಟೈಲ್ಸ್ ಕಳಪೆಯದ್ದಾಗಿರಲಿಲ್ಲ. ಅದನ್ನು ಹಾಕಿದ ಜಾಗ ತಪ್ಪಾಗಿತ್ತು.

ಎಷ್ಟು ನೀರು ಹೀರುತ್ತದೆ?

ಜೇಡಿಮಣ್ಣು ಮತ್ತು ಕಲ್ಲಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು ಟೈಲ್ಸ್ ತಯಾರಿಸುತ್ತಾರೆ. ಒಳಗೆ ಉಳಿಯುವ ಸಣ್ಣ ರಂಧ್ರಗಳು ಹೆಚ್ಚಾದಷ್ಟೂ ಅದು ಹೆಚ್ಚು ನೀರು ಹೀರುತ್ತದೆ. ಐ.ಎಸ್.ಒ. 13006 ಎಂಬ ಅಂತಾರಾಷ್ಟ್ರೀಯ ಮಾನದಂಡವು ಇದನ್ನೇ ಆಧಾರವಾಗಿಟ್ಟು ಟೈಲ್ಸನ್ನು ವಿಂಗಡಿಸುತ್ತದೆ. ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಹೀರುವಂಥದ್ದು ಹಗುರ, ಅಷ್ಟೇನೂ ಗಟ್ಟಿಯಲ್ಲ. ಅದು ಗೋಡೆಗೆ ಮಾತ್ರ ಸರಿ. ಶೇ. 3ರಿಂದ 10ರವರೆಗಿನವು ಮಧ್ಯಮ ವರ್ಗದವು. ಮನೆಯೊಳಗಿನ ನೆಲಕ್ಕೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ಸ್ ಹೆಚ್ಚಾಗಿ ಈ ಗುಂಪಿಗೆ ಸೇರುತ್ತವೆ. ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು ಶೇ. 0.5ಕ್ಕಿಂತಲೂ ಕಡಿಮೆ ನೀರು ಹೀರುವವೇ ವಿಟ್ರಿಫೈಡ್ ಟೈಲ್ಸ್. ಇವು ಬಹಳ ಗಟ್ಟಿ.

ಅಂಗಡಿಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಟೈಲ್ಸ್‌ನ ಹಿಂಬದಿಗೆ ನಾಲ್ಕು ಹನಿ ನೀರು ಹಾಕಿ. ಗೋಡೆಯ ಟೈಲ್ಸ್ ಅದನ್ನು ಬೇಗನೆ ಹೀರಿಕೊಳ್ಳುತ್ತದೆ. ವಿಟ್ರಿಫೈಡ್‌ನಲ್ಲಿ ನೀರು ಹಾಗೆಯೇ ನಿಂತಿರುತ್ತದೆ.

ಸವೆತ ಮತ್ತು ಜಾರಿಕೆ

ಮೆರುಗಿನ ಲೇಪವಿರುವ ಟೈಲ್ಸ್ ಎಷ್ಟು ಸವೆತ ತಾಳುತ್ತದೆ ಎಂಬುದನ್ನು ಪಿ.ಇ.ಐ. ಎಂಬ 0ಯಿಂದ 5ರವರೆಗಿನ ಅಂಕಿ ತಿಳಿಸುತ್ತದೆ. 0 ಎಂದರೆ ಗೋಡೆಗೆ ಮಾತ್ರ. ಬರಿಗಾಲಲ್ಲಿ ನಡೆಯುವ ಮಲಗುವ ಕೋಣೆಗೆ 2 ಸಾಕು. ಹಾಲ್ ಮತ್ತು ಅಡುಗೆಮನೆಗೆ 3 ಅಥವಾ 4 ಇರಲಿ. ಚಪ್ಪಲಿಯೊಂದಿಗೆ ಮರಳು ಬರುವ ಸಿಟೌಟ್‌ಗೆ 4ಕ್ಕಿಂತ ಕಡಿಮೆ ಬೇಡ.

ಆದರೆ ಗಟ್ಟಿಯಾದ ಟೈಲ್ಸ್ ಜಾರುವುದಿಲ್ಲ ಎಂದು ತಿಳಿಯಬೇಡಿ. ನಾವು ಎಡವಿದ್ದು ಇಲ್ಲಿಯೇ. ಜಾರಿಕೆಯ ಲೆಕ್ಕವೇ ಬೇರೆ. ಅದನ್ನು ಆರ್ 9ರಿಂದ ಆರ್ 13ರವರೆಗೆ ಗುರುತಿಸುತ್ತಾರೆ. ಅಂಕಿ ಹೆಚ್ಚಾದಷ್ಟೂ ಕಾಲಿಗೆ ಹಿಡಿತ ಹೆಚ್ಚು. ಬಚ್ಚಲು, ವುಝೂ ಮಾಡುವ ಜಾಗ, ಬಟ್ಟೆ ಒಗೆಯುವ ಜಾಗಗಳಿಗೆ ಆರ್ 10 ಅಥವಾ ಆರ್ 11ರ, ಮೇಲ್ಮೈ ತುಸು ಒರಟಾದ ಮ್ಯಾಟ್ ಟೈಲ್ಸ್ ಕೇಳಿ. ಅದರಲ್ಲಿ ಕೊಳೆ ಸ್ವಲ್ಪ ಬೇಗ ಹಿಡಿಯುತ್ತದೆ, ಬ್ರಶ್ಶಿನಲ್ಲಿ ಉಜ್ಜಬೇಕಾಗುತ್ತದೆ. ಮುರಿದ ಮೂಳೆಯ ಆರೈಕೆಗೆ ಹೋಲಿಸಿದರೆ ಆ ಶ್ರಮ ಏನೂ ಅಲ್ಲ.

ಇವನ್ನೂ ಗಮನಿಸಿ

• ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್, ಒಂದೇ ಶೇಡ್ ನಂಬರ್ ಇರಲಿ. ಇಲ್ಲದಿದ್ದರೆ ಬಣ್ಣದಲ್ಲಿ ವ್ಯತ್ಯಾಸ ಬರುತ್ತದೆ.

• ಮುಂದೆ ಒಡೆದರೆ ಬದಲಿಸಲು ಕೆಲವನ್ನು ಹೆಚ್ಚುವರಿಯಾಗಿ ಕೊಂಡಿಡಿ.

• ವಿಟ್ರಿಫೈಡ್ ನೀರು ಹೀರದ ಕಾರಣ ಬರೀ ಸಿಮೆಂಟಿಗೆ ಸರಿಯಾಗಿ ಕಚ್ಚುವುದಿಲ್ಲ. ಅದಕ್ಕೆಂದೇ ಇರುವ ಅಂಟನ್ನು ಬಳಸುವಂತೆ ಮೇಸ್ತ್ರಿಗೆ ಹೇಳಿ.

• ಬಚ್ಚಲಿನ ನೆಲ ನೀರು ಹೋಗುವ ಕಡೆಗೆ ಇಳಿಜಾರಾಗಿರಲಿ. ನೀರು ನಿಂತರೆ ಪಾಚಿ ಕಟ್ಟುತ್ತದೆ.

• ಆಸಿಡ್ ಹಾಕಿ ತೊಳೆಯಬೇಡಿ. ಅದು ಟೈಲ್ಸ್‌ಗಳ ನಡುವಿನ ಸಿಮೆಂಟನ್ನು ತಿಂದುಹಾಕುತ್ತದೆ.

ಮನೆಯಲ್ಲಿ ದಿನವಿಡೀ ಓಡಾಡುವವರು, ನೆಲ ಒರೆಸುವವರು ಹೆಚ್ಚಾಗಿ ಹೆಂಗಸರು. ಆದರೆ ಟೈಲ್ಸ್ ಆರಿಸಲು ಹೋಗುವವರು ಬಹಳಷ್ಟು ಸಲ ಗಂಡಸರು ಮಾತ್ರ. ಈ ಸಲ ನೀವೂ ಜೊತೆಗೆ ಹೋಗಿ. "ಇದು ಎಷ್ಟು ನೀರು ಹೀರುತ್ತದೆ? ಒದ್ದೆಯಾದರೆ ಜಾರುತ್ತದೆಯೇ?" ಎಂದು ಸಂಕೋಚವಿಲ್ಲದೆ ಕೇಳಿ. ನಾವು ಆ ಪ್ರಶ್ನೆ ಕೇಳಿದ್ದು ಬಚ್ಚಲಿನ ನೆಲವನ್ನು ಕೀಳಿಸಿ ಎರಡನೆಯ ಸಲ ಅಂಗಡಿಗೆ ಹೋದಾಗ. ಉಮ್ಮ ಈಗ ಒರಟು ಟೈಲ್ಸ್‌ನ ಮೇಲೆ ನಡೆಯುತ್ತಾರೆ. ಆದರೂ ಗೋಡೆಗೆ ಹಾಕಿಸಿದ ಹಿಡಿಕೆಯನ್ನು ಬಿಡುವ ಧೈರ್ಯ ಅವರಿಗೆ ಇನ್ನೂ ಬಂದಿಲ್ಲ.